ಚೆರಿ ಹೂ ನೋಡಲು ಟೋಕಿಯೊಗೆ: ಎದೆ ಗೊರಗೊರ ಅನ್ನುವ ಮಗುವನ್ನು ಕರೆದುಕೊಂಡು ಹೋಗಬಹುದಾ?

ಪ್ರಶ್ನೆ: ನಾವು ಮಂಡ್ಯದವರು. ಮಗನಿಗೆ ಎರಡು ವರ್ಷ ಎಂಟು ತಿಂಗಳು. ನನ್ನ ಅಕ್ಕ ಐದು ವರ್ಷದಿಂದ ಟೋಕಿಯೊದಲ್ಲಿದ್ದಾಳೆ. ಚೆರಿ ಹೂ ಬಿಡುವ ಹೊತ್ತಿಗೆ ಬನ್ನಿ ಅಂತ ಕರೆಯುತ್ತಲೇ ಇದ್ದಳು. ಈಗ ಮಾರ್ಚ್ 27ಕ್ಕೆ ಟಿಕೆಟ್ ಆಗಿದೆ, ಹತ್ತು ದಿನ ಇರುತ್ತೇವೆ. ಆದರೆ ಮಗನಿಗೆ ಶೀತ ಆದಾಗಲೆಲ್ಲ ಎದೆ ಗೊರಗೊರ ಅನ್ನುತ್ತದೆ. ನವೆಂಬರ್‌ನಲ್ಲಿ ಒಮ್ಮೆ, ಸಂಕ್ರಾಂತಿಗೆ ಮುಂಚೆ ಒಮ್ಮೆ ರಾತ್ರಿ ಆಸ್ಪತ್ರೆಗೆ ಓಡಿ ನೆಬ್ಯುಲೈಸರ್ ಕೊಡಿಸಿದ್ದೇವೆ. ಯಜಮಾನರಿಗೂ ಧೂಳು ಕಂಡರೆ ಸೀನು. 'ಹೂವಿನ ಪುಡಿಗೆ ಮಗುವಿಗೆ ಉಸಿರು ಕಟ್ಟುತ್ತೆ, ಬೇಡ' ಅಂತ ಅತ್ತೆ ದಿನಾ ಹೇಳುತ್ತಾರೆ. ಹೂ ಬಿಡುವ ಕಾಲದಲ್ಲಿ ಟೋಕಿಯೊ ಜನ ಮಾಸ್ಕ್ ಹಾಕಿಕೊಂಡು ಓಡಾಡುವ ವಿಡಿಯೊ ಬೇರೆ ವಾಟ್ಸ್ಆ್ಯಪ್‌ನಲ್ಲಿ ಬಂದಿದೆ. ಅಕ್ಕನಿಗೂ ಹೋದ ವರ್ಷದಿಂದ ಅಲ್ಲಿ ಕಣ್ಣು ತುರಿಕೆ, ಸೀನು ಶುರುವಾಗಿದೆಯಂತೆ. ನಾವು ಹೋಗಬಹುದಾ? ನೆಬ್ಯುಲೈಸರ್ ಮಷೀನ್ ಒಯ್ಯಬೇಕಾ? ವಿಮಾನದಲ್ಲಿ ಮಲಗಿಸಲು ಸಿರಪ್ ಕೊಡಬಹುದಾ?

ಉತ್ತರ: ಹೋಗಬಹುದು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಉದ್ದದ ಉತ್ತರವನ್ನು ನೀವು ಆತಂಕದಲ್ಲೇ ಓದುವುದು ಬೇಡ. ಆದರೆ ಒಂದು ಷರತ್ತು ಇದೆ. ಇವತ್ತಿನಿಂದ ಹೊರಡುವ ದಿನದವರೆಗೆ ಮಗುವಿನ ಎದೆ ಹೇಗಿರುತ್ತದೆ ಅನ್ನುವುದನ್ನು ನೋಡಿಕೊಂಡು ಹೊರಡಬೇಕು. ನಿಮ್ಮ ಮನೆಯಲ್ಲಿ ಎಲ್ಲರ ಕಣ್ಣೂ ಹೂವಿನ ಮೇಲಿದೆ. ಮೈಸೂರಿನಲ್ಲಿ ಇಷ್ಟು ವರ್ಷ ಮಕ್ಕಳ ಎದೆ ಕೇಳಿಸಿಕೊಂಡು ಬಂದ ನನಗೆ ಹೂವಿನ ಬಗ್ಗೆ ಅಷ್ಟು ಚಿಂತೆ ಇಲ್ಲ. ಚಿಂತೆ ಇರುವುದು ನೆಗಡಿಯ ಬಗ್ಗೆ.

ಅತ್ತೆಯವರ ಮಾತಿನಿಂದಲೇ ಶುರು ಮಾಡೋಣ. ಅವರ ಮಾತಿನಲ್ಲಿ ಅರ್ಧ ನಿಜ ಇದೆ. ಪರಾಗದಿಂದ ಸೀನು, ಉಬ್ಬಸ ಬರುವುದು ಹೌದು. ಆದರೆ ಯಾವ ಹೂವಿನ ಪರಾಗ ಅನ್ನುವುದು ಮುಖ್ಯ. ಮನೆ ಮುಂದಿನ ದಾಸವಾಳದ ನಡುವೆ ಉದ್ದಕ್ಕೆ ಚಾಚಿರುತ್ತದಲ್ಲ, ಆ ಕಡ್ಡಿಯನ್ನು ಬೆರಳಿನಿಂದ ಮುಟ್ಟಿ ನೋಡಿ. ಹಳದಿ ಪುಡಿ ಬೆರಳಿಗೆ ಅಂಟಿಕೊಳ್ಳುತ್ತದೆ, ಊದಿದರೂ ಪೂರ್ತಿ ಹೋಗುವುದಿಲ್ಲ. ಆಮೇಲೆ ಹೊಲದ ಕಡೆ ಹೋದಾಗ ಮುಸುಕಿನ ಜೋಳದ ಸೂಲಂಗಿಯನ್ನು ಒಮ್ಮೆ ಅಲ್ಲಾಡಿಸಿ. ಪುಡಿ ಹೊಗೆಯ ಹಾಗೆ ಎದ್ದು ಗಾಳಿಗೆ ಹೋಗುತ್ತದೆ. ಬಣ್ಣ ಬಣ್ಣದ ಹೂವುಗಳು ಜೇನುಹುಳವನ್ನು ನಂಬಿ ಬದುಕುತ್ತವೆ. ಅವುಗಳ ಪುಡಿ ಭಾರ, ಅಂಟು, ದೂರ ಹಾರುವುದಿಲ್ಲ. ಗಾಳಿಯನ್ನು ನಂಬಿದ ಗಿಡಮರಗಳಿಗೆ ಬಣ್ಣವೇ ಬೇಕಿಲ್ಲ. ಹಗುರವಾದ ಪುಡಿಯನ್ನು ರಾಶಿ ರಾಶಿ ತೂರಿಬಿಡುತ್ತವೆ. ಮೂಗು, ಕಣ್ಣಿಗೆ ಕಾಟ ಕೊಡುವುದು ಹೆಚ್ಚಾಗಿ ಇವೇ. ನೀವು ನೋಡಲು ಹೊರಟಿರುವ ಚೆರಿ ಜೇನುಹುಳದ ಕಡೆಯದು.

ಹಾಗಾದರೆ ಟೋಕಿಯೊದ ಜನ ಮಾಸ್ಕ್ ಹಾಕುವುದು ಸುಳ್ಳಾ? ಅಲ್ಲ, ವಿಡಿಯೊ ನಿಜವೇ ಇರಬೇಕು. ಕಾರಣ ಬೇರೆ. ಜಪಾನಿನಲ್ಲಿ ಸುಗಿ ಅಂತ ಒಂದು ಮರ ಇದೆ, ಸೂಜಿಯಂಥ ಎಲೆಯ ಎತ್ತರದ ಮರ. ಎರಡನೇ ಮಹಾಯುದ್ಧದ ನಂತರ ಮನೆ ಕಟ್ಟಲು ಮರ ಬೇಕೆಂದು ಬೆಟ್ಟ ಬೆಟ್ಟಗಳ ತುಂಬ ಇದನ್ನು ನೆಟ್ಟರು. ಜೊತೆಗೆ ಹಿನೋಕಿ ಅನ್ನುವ ಇನ್ನೊಂದು ಮರವನ್ನೂ ನೆಟ್ಟರು. ಆಮೇಲೆ ಹೊರದೇಶದಿಂದ ಅಗ್ಗದ ಮರ ಬರತೊಡಗಿತು, ಇವನ್ನು ಕಡಿಯುವುದು ಕಡಿಮೆಯಾಯಿತು. ಮರಗಳು ಬಲಿತು ಪರಾಗ ತೂರತೊಡಗಿದವು. ಸುಗಿಯ ಪುಡಿ ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಹಾರುತ್ತದೆ. ಹಿನೋಕಿಯದು ಮಾರ್ಚ್ ಕೊನೆಯಿಂದ ಮೇ ಮೊದಲವರೆಗೆ. ಚೆರಿ ಅರಳುವುದೂ ಇದೇ ಹೊತ್ತಿನಲ್ಲಿ. ಎಲ್ಲರಿಗೂ ಕಾಣುವುದು ತಲೆ ಮೇಲಿನ ಗುಲಾಬಿ ಹೂವು, ಹತ್ತಾರು ಮೈಲಿ ಆಚೆ ಬೆಟ್ಟದ ಮೇಲಿರುವ ಸುಗಿ ಕಾಣುವುದಿಲ್ಲ. ಹಾಗಾಗಿ ಬೈಗುಳ ಚೆರಿಗೆ ಬೀಳುತ್ತದೆ. ಈ ಪರಾಗದ ಕಾಟ ಅಲ್ಲಿ ಎಷ್ಟು ದೊಡ್ಡದೆಂದರೆ, ಸುಗಿ ತೋಪುಗಳನ್ನು ಕಡಿಮೆ ಮಾಡುವ ಯೋಜನೆಯನ್ನು ಜಪಾನ್ ಸರ್ಕಾರವೇ 2023ರಲ್ಲಿ ಪ್ರಕಟಿಸಿತು.

ಈಗ ನಿಮ್ಮ ಅಕ್ಕನ ವಿಷಯ. ಅವರಿಗೆ ಹೋದ ಹೊಸದರಲ್ಲಿ ಏನೂ ಇರಲಿಲ್ಲ, ಹೋದ ವರ್ಷದಿಂದ ಶುರುವಾಯಿತು ಅಂತ ಬರೆದಿದ್ದೀರಿ. ಅಲರ್ಜಿ ನಡೆಯುವುದೇ ಹಾಗೆ. ಒಂದು ಪರಾಗವನ್ನು ಮೊದಲ ಸಲ ಕಂಡ ತಕ್ಷಣ ದೇಹ ಸಾಮಾನ್ಯವಾಗಿ ಜಗಳಕ್ಕೆ ನಿಲ್ಲುವುದಿಲ್ಲ. ಎರಡು ಮೂರು ವಸಂತ ಅದನ್ನು ಮತ್ತೆ ಮತ್ತೆ ಕಂಡ ಮೇಲೆ, ಅಲರ್ಜಿಯ ಒಲವು ಇರುವವರ ದೇಹ ಅದರ ಗುರುತು ಹಿಡಿದುಕೊಳ್ಳುತ್ತದೆ. ಸೀನು ಶುರುವಾಗುವುದು ಆಮೇಲೆ. ನಿಮ್ಮ ಮಗ ಸುಗಿಯನ್ನು ಇದುವರೆಗೆ ಕಂಡೇ ಇಲ್ಲ. ಹತ್ತು ದಿನದ ಮೊದಲ ಭೇಟಿಯಲ್ಲಿ ಅದರ ಪರಾಗದಿಂದಲೇ ಉಬ್ಬಸ ಕೆರಳುವ ಸಾಧ್ಯತೆ ತುಂಬಾ ಕಡಿಮೆ. ಇಲ್ಲವೇ ಇಲ್ಲ ಅನ್ನುವುದಿಲ್ಲ, ಕೆಲವು ಪರಾಗಗಳು ಒಂದಕ್ಕೊಂದು ಹೋಲುತ್ತವೆ. ಆದರೆ ಇದಕ್ಕಾಗಿ ಟಿಕೆಟ್ ರದ್ದು ಮಾಡಿ ಅಂತ ನಾನು ಹೇಳುವುದಿಲ್ಲ. ಯಜಮಾನರು ಮಾತ್ರ ಅವರ ಮಾಮೂಲಿ ಸೀನಿನ ಮಾತ್ರೆಯನ್ನು ಜೊತೆಗಿಟ್ಟುಕೊಳ್ಳಲಿ.

ಹಾಗಾದರೆ ಮಗುವಿನ ಎದೆ ಗೊರಗೊರ ಅನ್ನುವುದು ಯಾಕೆ? ಈ ವಯಸ್ಸಿನಲ್ಲಿ ಶ್ವಾಸಕೋಶದ ನಳಿಕೆಗಳು ತೀರಾ ಸಣ್ಣವು. ನೆಗಡಿಯ ವೈರಸ್ ಒಳಗೆ ಹೋದರೆ ಒಳಗೋಡೆ ಊದಿಕೊಂಡು ಕಫ ತುಂಬುತ್ತದೆ. ನಳಿಕೆಯ ಅಗಲ ಅರ್ಧಕ್ಕೆ ಇಳಿದರೆ ಗಾಳಿಗೆ ಆಗುವ ಅಡ್ಡಿ ಎರಡು ಪಟ್ಟು ಅಲ್ಲ, 16 ಪಟ್ಟು ಏರುತ್ತದೆ. ನಮಗೆ ಮೂಗು ಸೋರಿ ಮುಗಿಯುವ ನೆಗಡಿ ಮಗುವಿಗೆ ಸುಯ್ ಸುಯ್ ಸದ್ದಾಗುವುದು ಇದಕ್ಕೇ. ಅಮೆರಿಕದ ಟೂಸಾನ್ ಊರಿನಲ್ಲಿ ಮಕ್ಕಳನ್ನು ಹುಟ್ಟಿನಿಂದ ಗಮನಿಸುತ್ತಾ ಬಂದ ಒಂದು ಹೆಸರಾಂತ ಅಧ್ಯಯನ 1995ರಲ್ಲಿ ಪ್ರಕಟವಾಯಿತು. ಮೂರು ವರ್ಷದೊಳಗೆ ಸುಮಾರು ಮೂವರಲ್ಲಿ ಒಂದು ಮಗುವಿಗೆ ಹೀಗೆ ಎದೆ ಸದ್ದು ಬಂದಿತ್ತು. ಅವರಲ್ಲಿ ಅರ್ಧಕ್ಕಿಂತ ಹೆಚ್ಚಿನವರಿಗೆ ಆರು ವರ್ಷದ ಹೊತ್ತಿಗೆ ಅದು ನಿಂತಿತ್ತು. ನಿಮ್ಮ ಮಗ ಒಬ್ಬನೇ ಅಲ್ಲ ಅಂತ ತಿಳಿಸಲು ಇದನ್ನು ಹೇಳಿದೆ. ತಂದೆಗೆ ಅಲರ್ಜಿ ಇರುವುದರಿಂದ ಇವನಿಗೆ ಮುಂದೆ ಅಸ್ತಮಾ ಆಗುವ ಸಾಧ್ಯತೆ ಸ್ವಲ್ಪ ಜಾಸ್ತಿ, ನಿಜ. ಅದನ್ನು ಈಗಲೇ ತೀರ್ಮಾನಿಸಲು ಆಗುವುದಿಲ್ಲ.

ಎರಡು ಸಲವೂ ಶೀತದ ಜೊತೆಗೇ ಬಂತು ಅಂತ ನೀವೇ ಬರೆದಿದ್ದೀರಿ. ಆದ್ದರಿಂದ ನಿಜವಾದ ಅಪಾಯ ವೈರಸ್‌ನದು. ವಿಮಾನ, ತುಂಬಿದ ರೈಲು, ಹೂ ನೋಡಲು ಸೇರುವ ಜಾತ್ರೆಯಂಥ ಜನ, ಎಲ್ಲಾ ಕಡೆ ಅದು ಇರುತ್ತದೆ. ಜಪಾನಿನಲ್ಲಿ ಮಾರ್ಚ್ ಕೊನೆಗೆ ಶಾಲೆಗಳಿಗೆ ರಜೆ, ಏಪ್ರಿಲ್‌ನಲ್ಲಿ ಹೊಸ ವರ್ಷದ ತರಗತಿ. ಹಾಗಾಗಿ ಉದ್ಯಾನಗಳ ತುಂಬ ಮಕ್ಕಳು. ನಿಮ್ಮ ಅಕ್ಕನಿಗೆ ಮಕ್ಕಳಿದ್ದು, ಅವರಲ್ಲಿ ಯಾರಿಗಾದರೂ ಮೂಗು ಸೋರುತ್ತಿದ್ದರೆ ನಾನು ಭಯಪಡುವುದು ಅದಕ್ಕೆ. ಹೊರಡುವ ಹಿಂದಿನ ವಾರ ಅಕ್ಕನನ್ನು ಇದೊಂದು ಕೇಳಿಕೊಳ್ಳಿ. ನಾಚಿಕೆ ಬೇಡ.

ಹೊರಗಿನ ಚಳಿ ತಾನಾಗಿ ನೆಗಡಿ ತರುವುದಿಲ್ಲ. ಆದರೆ ತಣ್ಣನೆಯ ಒಣ ಗಾಳಿ ಸೂಕ್ಷ್ಮ ಎದೆಯನ್ನು ಕೆಣಕಬಹುದು. ಆ ಹೊತ್ತಿಗೆ ಟೋಕಿಯೊದಲ್ಲಿ ಹಗಲು 15ರಿಂದ 18 ಡಿಗ್ರಿ, ಬೆಳಗಿನ ಜಾವ 6ರಿಂದ 10. ಮಂಡ್ಯದ 34 ಡಿಗ್ರಿಯಿಂದ ಹೋಗುವ ಮಗುವಿಗೆ ಇದು ದೊಡ್ಡ ಇಳಿತ. ಒಂದೇ ದಪ್ಪ ಸ್ವೆಟರ್ ಬದಲು ಮೂರು ತೆಳು ಬಟ್ಟೆ ಹಾಕಿ. ಓಡಾಡಿ ಬೆವರಿದಾಗ ಒಂದೊಂದೇ ತೆಗೆಯಬಹುದು.

ಈಗ ಮಂಡ್ಯದ ಗಾಳಿಯ ಬಗ್ಗೆಯೂ ಒಂದು ಮಾತು. ಟೋಕಿಯೊದ ಗಾಳಿಗೆ ಹೆದರುವ ಮನೆಗಳಲ್ಲಿ ಮಗುವಿಗೆ ಸ್ನಾನ ಆದ ಮೇಲೆ ಸಾಂಬ್ರಾಣಿ ಹೊಗೆ ಹಾಕುವುದನ್ನು ನಾನು ದಿನಾ ಕೇಳುತ್ತೇನೆ. ರಾತ್ರಿ ಕಿಟಕಿ ಮುಚ್ಚಿ ಸೊಳ್ಳೆ ಬತ್ತಿ. ಹತ್ತಿರದಲ್ಲಿ ಆಲೆಮನೆ ಇದ್ದರೆ, ಕಟಾವಾದ ಗದ್ದೆಯಲ್ಲಿ ಕಬ್ಬಿನ ತರಗಿಗೆ ಬೆಂಕಿ ಇಟ್ಟರೆ, ಆ ಹೊಗೆ ಬೇರೆ. ಎದೆ ಸೂಕ್ಷ್ಮ ಇರುವ ಮಗುವಿಗೆ ಈ ಹೊಗೆ ಚೆರಿ ಹೂವಿಗಿಂತ ಎಷ್ಟೋ ಕೆಟ್ಟದ್ದು. ಅತ್ತೆಯವರಿಗೆ ಬೇಜಾರಾಗದ ಹಾಗೆ ಹೇಳಿ ಸಾಂಬ್ರಾಣಿಯನ್ನು ದೇವರ ಮನೆಗೆ ಮಾತ್ರ ಇಟ್ಟುಕೊಳ್ಳಿ, ಮಗುವಿನ ಹತ್ತಿರ ಬೇಡ. ಸೊಳ್ಳೆಗೆ ಪರದೆ ಕಟ್ಟಿ. ಹೊರಡುವವರೆಗಿನ ಈ ಎರಡು ತಿಂಗಳು ಎದೆ ಶಾಂತವಾಗಿರುವುದೇ ಪ್ರವಾಸದ ಅರ್ಧ ತಯಾರಿ.

ಇನ್ನು ನೆಬ್ಯುಲೈಸರ್. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಇಲ್ಲೇ ಜನ ಎಡವುತ್ತಾರೆ. ನನ್ನ ಹತ್ತಿರ ಬರುವ ಒಂದು ಕುಟುಂಬ ಹಿಂದೆ ಹೀಗೇ ಜಪಾನಿಗೆ ಹೋಗಿತ್ತು. ಭಾರದ ಮಷೀನನ್ನು ಬಟ್ಟೆಯಲ್ಲಿ ಸುತ್ತಿ ಸೂಟ್‌ಕೇಸಿನಲ್ಲಿ ಒಯ್ದಿದ್ದರು. ರಾತ್ರಿ ಮಗುವಿಗೆ ಕೆಮ್ಮು ಜಾಸ್ತಿಯಾಯಿತು ಅಂತ ಪ್ಲಗ್ ಹಾಕಿದರೆ, ಮೋಟಾರ್ ಗುಂಯ್ ಅಂದಿತು, ಹೊಗೆ ಬರಲಿಲ್ಲ. ಜಪಾನಿನ ಕರೆಂಟು 100 ವೋಲ್ಟ್. ನಮ್ಮದು 230. ನಮ್ಮಲ್ಲಿ ಮಾರುವ ಎಷ್ಟೋ ಮಷೀನುಗಳು ಅಲ್ಲಿ ಸರಿಯಾಗಿ ಓಡುವುದಿಲ್ಲ, ಪ್ಲಗ್ಗಿನ ಪಿನ್ನೂ ಬೇರೆ. ಹಿಂಬದಿಯ ಚೀಟಿಯಲ್ಲಿ 100ರಿಂದ 240 ವೋಲ್ಟ್ ಅಂತ ಇದ್ದರೆ ಮಾತ್ರ ಓಡುತ್ತದೆ. ಆದರೆ ನಿಮಗೆ ಅದು ಬೇಕಾಗುವುದೂ ಇಲ್ಲ. ಉಸಿರಿನ ನಳಿಕೆ ಹಿಗ್ಗಿಸುವ ಸಾಲ್ಬುಟಮಾಲ್ ಇನ್‌ಹೇಲರ್ ಮತ್ತು ಮಾಸ್ಕ್ ಇರುವ ಸ್ಪೇಸರ್ (ಇನ್‌ಹೇಲರ್‌ಗೂ ಮಾಸ್ಕ್‌ಗೂ ನಡುವೆ ಇರುವ ಕೊಳವೆ), ಇಷ್ಟು ಸಾಕು. ಸರಿಯಾಗಿ ಕೊಟ್ಟರೆ ಸಾಮಾನ್ಯ ಉಬ್ಬಸದಲ್ಲಿ ಇದು ನೆಬ್ಯುಲೈಸರ್‌ನಷ್ಟೇ ಕೆಲಸ ಮಾಡುತ್ತದೆ. ಕೈಚೀಲದಲ್ಲಿ ಹಿಡಿಯುತ್ತದೆ, ಕರೆಂಟು ಬೇಡ.

ಕೊಡುವ ರೀತಿ ಹೀಗೆ. ಇನ್‌ಹೇಲರನ್ನು ಚೆನ್ನಾಗಿ ಕುಲುಕಿ ಸ್ಪೇಸರ್‌ಗೆ ಸಿಕ್ಕಿಸಿ. ಮಗುವನ್ನು ತೊಡೆ ಮೇಲೆ ಕೂರಿಸಿಕೊಂಡು ಮಾಸ್ಕನ್ನು ಮೂಗು ಬಾಯಿಗೆ ಸಂದಿಲ್ಲದ ಹಾಗೆ ಒತ್ತಿ. ಒಂದು ಸಲ ಅದುಮಿ, ಐದಾರು ಉಸಿರು ಎಣಿಸಿ. ಮತ್ತೆ ಕುಲುಕಿ ಮುಂದಿನದು. ಎರಡು ಮೂರು ಒಟ್ಟಿಗೆ ಅದುಮಬೇಡಿ, ಔಷಧಿ ಗೋಡೆಗೆ ಅಂಟಿ ಹಾಳಾಗುತ್ತದೆ. ಎಷ್ಟು ಸಲ, ಎಷ್ಟು ಗಂಟೆಗೊಮ್ಮೆ ಅನ್ನುವುದನ್ನು ಮಗುವನ್ನು ನೋಡುವ ನಿಮ್ಮ ಡಾಕ್ಟರ್ ಬರೆದುಕೊಡಬೇಕು, ಅದನ್ನು ನಾನು ಇಲ್ಲಿಂದ ಹೇಳುವುದು ಸರಿಯಲ್ಲ. ಒಂದು ವಾರ ಆಟದ ಹಾಗೆ ಬರೀ ಸ್ಪೇಸರ್ ಹಿಡಿದು ಅಭ್ಯಾಸ ಮಾಡಿಸಿ, ಗೊಂಬೆಗೂ ಹಿಡಿಯಿರಿ. ಅರ್ಧರಾತ್ರಿ ಹೊಸ ಊರಿನಲ್ಲಿ ಮೊದಲ ಸಲ ಮುಖಕ್ಕೆ ಒತ್ತಿದರೆ ಮಗು ಕಿರುಚುತ್ತದೆ, ಔಷಧಿ ಒಳಗೆ ಹೋಗುವುದಿಲ್ಲ. 'ಇನ್‌ಹೇಲರ್ ಅಭ್ಯಾಸ ಆಗಿಬಿಡುತ್ತೆ' ಅನ್ನುವ ಭಯ ನಮ್ಮ ಕಡೆ ತುಂಬಾ ಇದೆ. ಅದು ಚಟ ಹಿಡಿಸುವ ಔಷಧಿ ಅಲ್ಲ. ನೇರ ಎದೆಗೆ ಹೋಗುವುದರಿಂದ ಸಿರಪ್‌ಗಿಂತ ಎಷ್ಟೋ ಕಡಿಮೆ ಪ್ರಮಾಣ ಸಾಕಾಗುತ್ತದೆ.

ಮಲಗಿಸುವ ಸಿರಪ್ ಬೇಡ. ಇದರಲ್ಲಿ ನನಗೆ ಎರಡು ಮನಸ್ಸಿಲ್ಲ. ಪ್ರಯಾಣಕ್ಕೆ ಅಂತ ಅಂಗಡಿಯಲ್ಲಿ ಕೊಡುವ ಪ್ರೊಮೆಥಜೀನ್ ಸಿರಪ್ ಎರಡು ವರ್ಷದೊಳಗಿನ ಮಕ್ಕಳಿಗೆ ಕೊಡಲೇಬಾರದು, ಉಸಿರಾಟವನ್ನೇ ಕುಗ್ಗಿಸಬಹುದು. ನಿಮ್ಮ ಮಗ ಈಗಷ್ಟೇ ಆ ವಯಸ್ಸು ದಾಟಿದ್ದಾನೆ, ಅದೂ ಉಬ್ಬಸದ ಮಗು. ವಿಮಾನದೊಳಗಿನ ಗಾಳಿಯ ಒತ್ತಡ ಸುಮಾರು ಊಟಿಯ ಎತ್ತರದಲ್ಲಿರುವಷ್ಟು ಇಳಿಯುತ್ತದೆ, ಆಮ್ಲಜನಕವೂ ಅಷ್ಟೇ ತೆಳು. ಅಲ್ಲಿ ಉಸಿರು ಮಂದ ಮಾಡುವ ಔಷಧಿ ಯಾಕೆ? ಇನ್ನು ಕೆಲವು ಮಕ್ಕಳಿಗೆ ಅದು ಉಲ್ಟಾ ಹೊಡೆದು, ಮಲಗುವ ಬದಲು ಇಡೀ ದಾರಿ ಚಡಪಡಿಸುತ್ತಾರೆ. ನೆಗಡಿಯ ಸಿರಪ್‌ಗಳೂ ಬೇಡ. ಕ್ಲೋರ್‌ಫೆನಿರಮೈನ್ ಮತ್ತು ಫಿನೈಲೆಫ್ರಿನ್ ಸೇರಿಸಿದ ಔಷಧಿಯನ್ನು ನಾಲ್ಕು ವರ್ಷದೊಳಗಿನವರಿಗೆ ಕೊಡಬಾರದು ಅಂತ ಲೇಬಲ್ ಮೇಲೆ ಬರೆಯಬೇಕೆಂದು ನಮ್ಮ ಔಷಧಿ ನಿಯಂತ್ರಕರು 2023ರಲ್ಲೇ ಸೂಚಿಸಿದ್ದಾರೆ. ದೊಡ್ಡವರ ಮಾತ್ರೆ ಪೊಟ್ಟಣವನ್ನೂ ಒಮ್ಮೆ ನೋಡಿ. ಸೂಡೊಎಫೆಡ್ರಿನ್ ಮತ್ತು ಕೊಡೈನ್ ವಿಷಯದಲ್ಲಿ ಜಪಾನಿನ ಕಾನೂನು ತುಂಬಾ ಬಿಗಿ. ಅವು ಇರುವ ನೆಗಡಿ, ಕೆಮ್ಮಿನ ಔಷಧಿಯನ್ನು ಸೂಟ್‌ಕೇಸಿಗೆ ಹಾಕಲೇಬೇಡಿ.

ವಿಮಾನದಲ್ಲಿ ಮಗು ಅಳುವುದು ಹೆಚ್ಚಾಗಿ ಇಳಿಯುವಾಗ, ಕಿವಿ ನೋವಿಗೆ. ಇಳಿಯಲು ಅರ್ಧ ಗಂಟೆ ಇರುವಾಗಲೇ ಎಬ್ಬಿಸಿ, ಗುಟುಕು ಗುಟುಕಾಗಿ ನೀರೋ ಹಾಲೋ ಕುಡಿಸಿ. ನುಂಗಿದಾಗಲೆಲ್ಲ ಕಿವಿಯ ಒಳದಾರಿ ತೆರೆದುಕೊಳ್ಳುತ್ತದೆ. ಮೂಗು ಕಟ್ಟಿದ್ದರೆ ಅದಕ್ಕೆ ಮುಂಚೆ ಎರಡೆರಡು ತೊಟ್ಟು ಸಲೈನ್ (ಮೂಗಿಗೆ ಹಾಕುವ ಉಪ್ಪುನೀರು) ಹಾಕಿ. ಒಳಗಿನ ಗಾಳಿ ತುಂಬಾ ಒಣ, ದಾರಿಯುದ್ದಕ್ಕೂ ನೀರು ಕೊಡುತ್ತಿರಿ.

ಅಲ್ಲಿ ಹೋದ ಮೇಲಿನ ದಿನಚರಿ ನಿಮ್ಮ ಕೈಯಲ್ಲಿದೆ. ಟೋಕಿಯೊ ನಮಗಿಂತ ಮೂರೂವರೆ ಗಂಟೆ ಮುಂದೆ. ಮಂಡ್ಯದಲ್ಲಿ ಒಂಬತ್ತಕ್ಕೆ ಮಲಗುವ ಮಗು ಅಲ್ಲಿ ಹನ್ನೆರಡೂವರೆಗೆ ಮಲಗಿ, ಬೆಳಿಗ್ಗೆ ಹತ್ತೂವರೆಗೆ ಏಳುತ್ತದೆ. ಮೊದಲ ಎರಡು ದಿನ ಬೆಳಿಗ್ಗೆ ಏಳಕ್ಕೆ ಎಬ್ಬಿಸಿ ಹೂ ನೋಡಲು ಎಳೆದುಕೊಂಡು ಹೋಗಬೇಡಿ. ನಿದ್ದೆಗೆಟ್ಟ ಮಗುವಿಗೆ ಹೂವೂ ಬೇಡ, ಅಮ್ಮನೂ ಬೇಡ. ಏಳುವ ಹೊತ್ತನ್ನು ದಿನಾ ಸ್ವಲ್ಪ ಸ್ವಲ್ಪ ಹಿಂದಕ್ಕೆ ತನ್ನಿ, ಎದ್ದ ತಕ್ಷಣ ಬಿಸಿಲಿಗೆ ಕರೆದುಕೊಂಡು ಬನ್ನಿ.

ಹೂವು ತಪ್ಪಿಹೋಗುತ್ತದೆ ಅನ್ನುವ ಅವಸರವೂ ಬೇಡ. ಟೋಕಿಯೊದಲ್ಲಿ ಎಲ್ಲೆಲ್ಲೂ ಕಾಣುವ ಸೊಮೆಯಿ ಯೊಶಿನೊ ಜಾತಿ ಪೂರ್ತಿ ಅರಳಿದ ಮೇಲೆ ಒಂದು ವಾರದ ಆಸುಪಾಸು ಇರುತ್ತದೆ, ಮಳೆ ಗಾಳಿ ಬಂದರೆ ಅದೂ ಇಲ್ಲ. ಯಾವ ದಿನ ಅರಳುತ್ತದೆ ಅಂತ ಮೊದಲೇ ಹೇಳುವುದು ಕಷ್ಟ. ಕ್ಯೋಟೊದಲ್ಲಿ 2021ರಲ್ಲಿ ಮಾರ್ಚ್ 26ಕ್ಕೇ ಪೂರ್ತಿ ಅರಳಿತ್ತು, ಅದಕ್ಕೂ ಹಿಂದಿನ ಸಾವಿರದಿನ್ನೂರು ವರ್ಷದ ದಾಖಲೆಯಲ್ಲಿ ಅಷ್ಟು ಬೇಗ ಆಗಿರಲಿಲ್ಲ. ಹಾಗಾಗಿ ಒಂದೇ ದಿನ ಮೂರು ಜಾಗ ಅಂತ ಪಟ್ಟಿ ಹಿಡಿಯುವ ಬದಲು, ದಿನಕ್ಕೆ ಒಂದೇ ಜಾಗ ಇಟ್ಟುಕೊಳ್ಳಿ. ನನ್ನ ಆಯ್ಕೆ ಶಿಂಜುಕು ಗ್ಯೊಯೆನ್ ಉದ್ಯಾನ. ಅಲ್ಲಿ ಬೇರೆ ಬೇರೆ ಹೊತ್ತಿಗೆ ಅರಳುವ ಹಲವು ಬಗೆಯ ಚೆರಿ ಇದೆ, ಒಂದು ಉದುರಿದರೆ ಇನ್ನೊಂದು ಇರುತ್ತದೆ. ಮಗು ಓಡಾಡಲು ದೊಡ್ಡ ಹುಲ್ಲುಹಾಸು ಇದೆ, ಮದ್ಯ ತರುವ ಹಾಗಿಲ್ಲ. ಉಯೆನೊ ಉದ್ಯಾನವೂ ಚೆಂದ, ಆದರೆ ಆ ದಿನಗಳಲ್ಲಿ ನಮ್ಮ ದಸರಾ ಫಲಪುಷ್ಪ ಪ್ರದರ್ಶನದ ಭಾನುವಾರದ ಸಂಜೆಯಂಥ ನೂಕುನುಗ್ಗಲು. ಹೋಗುವುದಾದರೆ ವಾರದ ನಡುವೆ ಹೋಗಿ. ಎರಡು ಮುಕ್ಕಾಲು ವರ್ಷದ ಮಗುವಿಗೆ ತಲೆ ಎತ್ತಿ ನೋಡುವ ಹೂವಿಗಿಂತ ನೆಲದ ಮೇಲೆ ಬಿದ್ದ ಎಸಳು ಇಷ್ಟ. ಬೊಗಸೆಯಲ್ಲಿ ತುಂಬಿ ಮೇಲೆ ತೂರುತ್ತಾ ಒಂದು ಗಂಟೆ ಅಲ್ಲೇ ಕೂರಲಿ ಬಿಡಿ. ಎಸಳನ್ನು ಒಂದೆರಡು ಬಾಯಿಗೆ ಹಾಕಿಕೊಂಡರೂ ಗಾಬರಿ ಬೇಡ.

ಗಾಬರಿಯಾಗಬೇಕಾದ್ದು ಬೇರೆ ಒಂದು ತಿಂಡಿಗೆ. ಹೂ ನೋಡುವ ಕಡೆ ಡಾಂಗೊ ಅಂತ ಗುಲಾಬಿ, ಬಿಳಿ, ಹಸಿರು ಉಂಡೆಗಳನ್ನು ಕಡ್ಡಿಗೆ ಸಿಕ್ಕಿಸಿ ಮಾರುತ್ತಾರೆ. ಅಕ್ಕಿ ಹಿಟ್ಟಿನದು, ನೋಡಲು ಮುದ್ದಾಗಿರುತ್ತದೆ, ಮಗು ಕೇಳಿಯೇ ಕೇಳುತ್ತದೆ. ಅಂಟಂಟಾದ ಉಂಡೆ, ಸಣ್ಣ ಗಂಟಲಿಗೆ ಸಿಕ್ಕಿಕೊಂಡರೆ ತೆಗೆಯುವುದು ಕಷ್ಟ. ಮೋಚಿ ಅನ್ನುವ ಅಕ್ಕಿಯ ಅಂಟು ತಿಂಡಿಯೂ ಹಾಗೇ. ಈ ವಯಸ್ಸಿನ ಮಗುವಿಗೆ ಚೂರು ಮಾಡಿಯೂ ಕೊಡಬೇಡಿ. ಅನ್ನ, ಮೊಸರು, ಬಾಳೆಹಣ್ಣು ಅಲ್ಲಿ ಎಲ್ಲೆಡೆ ಸಿಗುತ್ತದೆ. ರಾಗಿ ಹಿಟ್ಟು ಒಂದು ಪೊಟ್ಟಣ ಜೊತೆಗಿರಲಿ, ಅಕ್ಕನ ಮನೆಯಲ್ಲಿ ಸರಿ ಮಾಡಿಕೊಡಬಹುದು.

ಗಾಳಿ ಜೋರಾಗಿರುವ ಒಣ ದಿನ, ಮಳೆಯ ಮಾರನೆಯ ಬಿಸಿಲಿನ ದಿನ ಸುಗಿ ಪರಾಗ ಜಾಸ್ತಿ. ಮನೆಗೆ ಬಂದ ಮೇಲೆ ಎಲ್ಲರೂ ಬಟ್ಟೆ ಬದಲಿಸಿ, ಮುಖ ಕೈ ತೊಳೆಯಿರಿ. ಮಗುವಿನ ಬಟ್ಟೆಯನ್ನು ಬಾಲ್ಕನಿಯಲ್ಲಿ ಒಣಗಿಸಬೇಡಿ. ಮಗು ಮಾಸ್ಕ್ ಹಾಕಿಕೊಂಡರೆ ಸರಿ, ಕಿತ್ತೆಸೆದರೆ ಒತ್ತಾಯ ಬೇಡ.

ನಿಮ್ಮ ಮುಂದೆ ಬೇರೆ ದಾರಿಗಳೂ ಇವೆ. ಏಪ್ರಿಲ್ ಕೊನೆಗೆ ಹೋಗಿ ಉತ್ತರದ ಹೊಕ್ಕೈಡೊದಲ್ಲಿ ಹೂ ನೋಡಬಹುದು, ಅಲ್ಲಿ ಸುಗಿ ಕಡಿಮೆ. ಆದರೆ ಬರ್ಚ್ ಮರದ ಪರಾಗ ಅದೇ ಹೊತ್ತಿಗೆ, ಚಳಿ ಇನ್ನೂ ಜಾಸ್ತಿ, ಅಕ್ಕನ ಮನೆಯಿಂದ ಮತ್ತೊಂದು ಪ್ರಯಾಣ. ಇದರಲ್ಲಿ ಮಗುವಿಗೆ ಲಾಭ ಕಾಣುವುದಿಲ್ಲ. ಒಂದು ವರ್ಷ ಮುಂದೂಡುವುದು ಇನ್ನೊಂದು ದಾರಿ. ಮಗುವಿನ ನಳಿಕೆಗಳು ಅಷ್ಟು ದೊಡ್ಡದಾಗುತ್ತವೆ, ಮಾತು ಬಲಿತು 'ಎದೆ ನೋವು' ಅಂತ ಹೇಳಲು ಬರುತ್ತದೆ. ಟಿಕೆಟ್ ಹಣ ಹೋಗುತ್ತದೆ, ಅಕ್ಕನ ಜೊತೆಗಿನ ಹತ್ತು ದಿನ ಹೋಗುತ್ತದೆ. ಸುಮ್ನೆ ಹೆದರಿ ಇದನ್ನು ಆರಿಸಿಕೊಳ್ಳಬೇಡಿ. ಆದರೆ ಹೊರಡುವ ಹಿಂದಿನ ನಾಲ್ಕು ವಾರದಲ್ಲಿ ಮತ್ತೆ ಆಸ್ಪತ್ರೆಗೆ ಸೇರಿಸುವ ಹಾಗಾದರೆ, ಸ್ಟಿರಾಯ್ಡ್ ಸಿರಪ್ ಬೇಕಾದರೆ, ಆಗ ಮುಂದೂಡಿ. ಹೊರಡುವ ದಿನ ಜ್ವರ ಅಥವಾ ಕಿವಿ ಸೋಂಕು ಇದ್ದರೂ ಅಷ್ಟೇ. ಅದು ನಷ್ಟದ ಮಾತಲ್ಲ, ಮಗುವಿನ ಉಸಿರಿನ ಮಾತು.

ಈ ವಾರವೇ ಮಾಡಬೇಕಾದ್ದು ಫ್ಲೂ ಲಸಿಕೆ. ಹಿಂದೆ ಹಾಕಿಸಿಲ್ಲದಿದ್ದರೆ ನಾಲ್ಕು ವಾರದ ಅಂತರದಲ್ಲಿ ಎರಡು ಡೋಸ್ ಬೇಕು, ಆಮೇಲೆ ರಕ್ಷಣೆ ಬರಲು ಎರಡು ವಾರ. ಲೆಕ್ಕ ಹಾಕಿದರೆ ಸಮಯ ಸರಿಯಾಗಿ ಇದೆ. ದಡಾರದ ಲಸಿಕೆ ಎರಡೂ ಆಗಿದೆಯಾ ಅಂತ ತಾಯಿ ಕಾರ್ಡ್ ತೆಗೆದು ನೋಡಿ. ಪ್ರವಾಸ ವಿಮೆ ಮಾಡಿಸುವಾಗ ಉಬ್ಬಸದ ವಿಷಯ ಮುಚ್ಚಿಡಬೇಡಿ, ಮುಚ್ಚಿಟ್ಟರೆ ಅಲ್ಲಿ ಆಸ್ಪತ್ರೆ ಬಿಲ್ ಬಂದಾಗ ಕೈಬಿಡುತ್ತಾರೆ.

ಅಲ್ಲಿ ಮಗುವಿನ ಪಕ್ಕೆ ಒಳಕ್ಕೆ ಎಳೆಯುತ್ತಿದ್ದರೆ, ಏದುಸಿರಿಗೆ ನೀರು ಕುಡಿಯಲು ಆಗದಿದ್ದರೆ, ತುಟಿ ನೀಲಿ ತಿರುಗಿದರೆ, ಇನ್‌ಹೇಲರ್ ಕೊಡುತ್ತಲೇ 119ಕ್ಕೆ ಫೋನ್ ಮಾಡಿ. ಅದು ಅಲ್ಲಿಯ ಆ್ಯಂಬುಲೆನ್ಸ್ ನಂಬರ್. ಮಾತಾಡುವುದು ಅಕ್ಕ ಆಗಿರಲಿ, ಅವರಿಗೆ ಭಾಷೆ ಬರುತ್ತದೆ.

ಹೊರಡಲು ಮೂರು ದಿನ ಇರುವಾಗ ಮಗುವಿನ ಎದೆಯನ್ನು ನಿಮ್ಮ ಡಾಕ್ಟರ್ ಹತ್ತಿರ ಒಮ್ಮೆ ಕೇಳಿಸಿ. ಔಷಧಿಗಳ ರಾಸಾಯನಿಕ ಹೆಸರು ಮತ್ತು ಪ್ರಮಾಣವನ್ನು ಅವರ ಲೆಟರ್‌ಹೆಡ್‌ನಲ್ಲಿ ಇಂಗ್ಲಿಷಿನಲ್ಲಿ ಬರೆಸಿಕೊಳ್ಳಿ. ಒಂದು ಪ್ರತಿ ಮಗುವಿನ ಪಾಸ್‌ಪೋರ್ಟ್ ಒಳಗೆ, ಇನ್ನೊಂದು ಇನ್‌ಹೇಲರ್ ಇಟ್ಟ ಕೈಚೀಲದಲ್ಲಿ ಇರಲಿ. ಆ ಚೀಲವನ್ನು ಚೆಕ್-ಇನ್ ಲಗೇಜಿಗೆ ಕೊಡಬೇಡಿ.